ಬಾವಂಚಿ, ಒಂದೆಲಗ, ಅತಿಮಧುರ: ಮುಖದ ಸುಕ್ಕಿಗೆ, ಕಲೆಗೆ ಯಾವ ಗಿಡದ ಸಾರ?

ಮೂರು ವರ್ಷದ ಹಿಂದೆ, ಅಡಿಕೆ ಕೊಯ್ಲಿನ ಹೊತ್ತಿನಲ್ಲಿ, ಅಕ್ಕ ವಾಟ್ಸ್ಆ್ಯಪ್‌ನಲ್ಲಿ ತನ್ನ ಮುಖದ ಫೋಟೊ ಕಳಿಸಿದಳು. ಎರಡೂ ಕೆನ್ನೆ ಬೆಂದ ಹಾಗೆ ಕೆಂಪಾಗಿದ್ದವು. ಬಲಗೆನ್ನೆಯ ಮೇಲೆ ಕಡಲೆಕಾಳಿನಷ್ಟು ದಪ್ಪದ ನೀರುಗುಳ್ಳೆಗಳು. ಫೋನ್ ಮಾಡಿ, ಏನು ಹಚ್ಚಿದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಬಾವಂಚಿ ಎಣ್ಣೆ ಕಣೇ" ಅಂದಳು.

ಸುಕ್ಕಿಗೆ ಬಕುಚಿಯಾಲ್ ಅನ್ನುವ ಸೀರಮ್ ಒಳ್ಳೆಯದು, ಅದು ನಮ್ಮ ಬಾವಂಚಿಯಿಂದಲೇ ತೆಗೆದದ್ದು ಎಂದು ದೂರದೂರಿನಲ್ಲಿರುವ ಮಗಳು ಹೇಳಿದ್ದಳಂತೆ. ಅಕ್ಕ ಪೇಟೆಯ ಗ್ರಂಥಿಗೆ ಅಂಗಡಿಗೆ ಹೋಗಿ ಬಾವಂಚಿ ಎಣ್ಣೆ ಕೇಳಿದಳು, ಅವರು ಕೊಟ್ಟರು. ಯಾತಕ್ಕೆ ಎಂದು ಯಾರೂ ವಿಚಾರಿಸಲಿಲ್ಲ, ಹಚ್ಚಿಕೊಂಡು ಬಿಸಿಲಿಗೆ ಹೋಗಬೇಡಿ ಎಂದೂ ಹೇಳಲಿಲ್ಲ. ಬೆಳಿಗ್ಗೆ ಮುಖಕ್ಕೆ ಸವರಿಕೊಂಡು, ಹತ್ತರಿಂದ ಒಂದು ಗಂಟೆಯವರೆಗೆ ಅಂಗಳದಲ್ಲಿ ಅಡಿಕೆ ಹರವುತ್ತ, ತಿರುವುತ್ತ ನಿಂತಳು. ಆ ದಿನ ಏನೂ ಆಗಲಿಲ್ಲ. ಮರುದಿನ ಸಣ್ಣ ಉರಿ. ಮೂರನೆಯ ದಿನ ಗುಳ್ಳೆ. "ಅದೇ ಗಿಡ ಅಲ್ವೇನೇ, ನೇರ ಎಣ್ಣೆನೇ ಇನ್ನೂ ಜೋರು ಅಂದ್ಕೊಂಡೆ." ಗುಳ್ಳೆ ಎರಡು ವಾರದಲ್ಲಿ ಆರಿತು. ಅದು ಬಿಟ್ಟುಹೋದ ಕಂದು ಕಲೆ ಮಾಸಲು ಎಂಟು ತಿಂಗಳು ಹಿಡಿಯಿತು.

ಔಷಧಿ ಅಂಗಡಿಯಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದವಳು ನಾನು. "ಮುಖಕ್ಕೆ ಯಾವ ಗಿಡ ಒಳ್ಳೇದಮ್ಮಾ?" ಎಂದು ಕೇಳದ ದಿನವಿಲ್ಲ. ಅಕ್ಕನ ಮುಖ ನೋಡಿದ ಮೇಲೆ ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಗಿಡದ ಹೆಸರು ಹಿಡಿದು ಕೊಂಡರೆ ಆಗುವುದಿಲ್ಲ. ನಿಮ್ಮ ಮುಖದಲ್ಲಿ ಆಗಿರುವುದು ಏನು, ಆ ಗಿಡದ ಯಾವ ಅಂಶ ಅದಕ್ಕೆ ಕೆಲಸಕ್ಕೆ ಬರುತ್ತದೆ, ಆ ಅಂಶ ನೀವು ಕೊಳ್ಳುವ ಬಾಟಲಿಯಲ್ಲಿ ಎಷ್ಟಿದೆ, ಜೊತೆಗೆ ಬೇರೆ ಏನು ಸೇರಿಕೊಂಡು ಬಂದಿದೆ, ಇಷ್ಟೂ ನೋಡಬೇಕು. ಕೆಳಗಿನ ಹೋಲಿಕೆಯನ್ನು ಆ ಕ್ರಮದಲ್ಲೇ ಮಾಡಿದ್ದೇನೆ.

ಮೊದಲು ಕನ್ನಡಿ

ವಯಸ್ಸಿನ ಗುರುತು ಅಂದರೆ ಎಲ್ಲರಿಗೂ ಸುಕ್ಕೇ ನೆನಪಾಗುತ್ತದೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಸಾಮಾನ್ಯವಾಗಿ ಸುಕ್ಕಿಗಿಂತ ಮೊದಲು ಬರುವುದು ಬಣ್ಣದ ಏರುಪೇರು: ಕೆನ್ನೆಯ ಮೇಲೆ ಬಂಗು, ಹಣೆಯ ಅಂಚಿನಲ್ಲಿ ಕಪ್ಪು, ಮೊಡವೆ ಹೋದ ಜಾಗದಲ್ಲಿ ಹೋಗದ ಕಲೆ. ಚರ್ಮದಲ್ಲಿ ಬಣ್ಣ ಕೊಡುವ ಮೆಲನಿನ್ ಹೆಚ್ಚಿರುವುದರಿಂದ ಸುಕ್ಕು ತಡವಾಗಿ ಬರುತ್ತದೆ, ಕಲೆ ಬೇಗ ಬರುತ್ತದೆ. ಹೀಗಿರುವಾಗ ಯುರೋಪಿನ ಬಿಳಿಚರ್ಮದವರಿಗಾಗಿ ಮಾಡಿದ ಸುಕ್ಕಿನ ಕ್ರೀಮನ್ನು ಮೂವತ್ತೈದರ ಹೆಣ್ಣುಮಗಳೊಬ್ಬಳು ತನ್ನ ಬಂಗಿಗೆ ಹಚ್ಚುತ್ತ ಕೂತರೆ ದುಡ್ಡು ಹೋಗುತ್ತದೆ, ಬಂಗು ಉಳಿಯುತ್ತದೆ.

ಮುಟ್ಟು ನಿಂತವರ ಕಥೆ ಬೇರೆ. ಮೊದಲ ಐದು ವರ್ಷಗಳಲ್ಲೇ ಚರ್ಮವನ್ನು ಗಟ್ಟಿಯಾಗಿ ಹಿಡಿದಿಡುವ ಕೊಲಾಜೆನ್ ಎಂಬ ನಾರು ಸುಮಾರು ಶೇ. 30ರಷ್ಟು ಇಳಿಯುತ್ತದೆ. ಆಗ ಚರ್ಮ ತೆಳುವಾಗಿ, ಒಣಗಿ, ಮೊದಲು ತಡೆದುಕೊಳ್ಳುತ್ತಿದ್ದ ಸೋಪಿಗೇ ಉರಿಯಲು ಶುರುವಾಗುತ್ತದೆ. ಇವರಿಗೆ ಬೇಕಾದದ್ದು ಚರ್ಮದ ತಡೆಗೋಡೆಯನ್ನು ಗಟ್ಟಿ ಮಾಡುವ, ತೇವ ಹಿಡಿದಿಡುವ ವಸ್ತು.

ಇಬ್ಬರಿಗೂ ಸೇರಿದ ಶತ್ರು ಬಿಸಿಲು. ನೇರಳಾತೀತ ಕಿರಣಗಳಲ್ಲಿ ಯುವಿಬಿ ಮೇಲ್ಪದರವನ್ನು ಸುಡುತ್ತದೆ. ಯುವಿಎ ಒಳಪದರಕ್ಕೆ ಇಳಿದು, ಕೊಲಾಜೆನ್ ಕತ್ತರಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ. ಯುವಿಎಗೆ ಕಿಟಕಿಯ ಗಾಜೂ ಅಡ್ಡಿಯಲ್ಲ. ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 2012ರಲ್ಲಿ 69 ವರ್ಷದ ಒಬ್ಬ ಲಾರಿ ಚಾಲಕನ ಚಿತ್ರ ಬಂದಿತ್ತು. 28 ವರ್ಷ ಲಾರಿ ಓಡಿಸಿದ ಅವನ ಮುಖದಲ್ಲಿ, ಕಿಟಕಿ ಕಡೆಯ ಎಡಭಾಗ ಮಾತ್ರ ದಪ್ಪ ದಪ್ಪ ನೆರಿಗೆಯಾಗಿ ಜೋತುಬಿದ್ದಿತ್ತು, ಬಲಭಾಗ ಹತ್ತಾರು ವರ್ಷ ಚಿಕ್ಕವನ ಮುಖದ ಹಾಗಿತ್ತು. ಆ ಚಿತ್ರದ ಪ್ರಿಂಟು ನನ್ನ ಕೌಂಟರ್ ಮೇಲಿತ್ತು. ನಾನು ಅರ್ಧ ಗಂಟೆ ವಿವರಿಸಿದರೂ ಒಪ್ಪದವರು ಅದನ್ನು ನೋಡಿ ಒಪ್ಪುತ್ತಿದ್ದರು.

ಬಾವಂಚಿ ಬೇರೆ, ಬಕುಚಿಯಾಲ್ ಬೇರೆ

ಸುಕ್ಕಿಗೆ ಇರುವ ಗಿಡಮೂಲದ ಸಾರಗಳಲ್ಲಿ ಪುರಾವೆಯ ಮಟ್ಟಿಗೆ ನಾನು ಮೊದಲ ಸ್ಥಾನ ಕೊಡುವುದು ಬಕುಚಿಯಾಲ್‌ಗೆ. ಬಾವಂಚಿ ಬೀಜದಿಂದ ಇದನ್ನು ಬೇರ್ಪಡಿಸಿ 1966ರಲ್ಲಿ ಲೋಕಕ್ಕೆ ತಿಳಿಸಿದವರು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ವಿಜ್ಞಾನಿಗಳು. ಬಾಕುಚಿ ಎಂಬ ಸಂಸ್ಕೃತ ಹೆಸರಿನಿಂದಲೇ ಆ ಹೆಸರು ಬಂತು. ಈಗ ಕೊರಿಯಾದಿಂದಲೂ ಪ್ಯಾರಿಸ್ಸಿನಿಂದಲೂ ಸುತ್ತಿ ನಮ್ಮ ಅಂಗಡಿಗೆ ಬರುತ್ತಿದೆ.

ಹೋಲಿಕೆಗೆ ಎದುರು ನಿಲ್ಲುವುದು ರೆಟಿನಾಲ್. ಅದು ವಿಟಮಿನ್ ಎ ಗುಂಪಿನದು, ಸುಕ್ಕಿಗೆ ದಶಕಗಳಿಂದ ಪರೀಕ್ಷೆಗೊಳಗಾದದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಒಂದು ಅಧ್ಯಯನ 2019ರಲ್ಲಿ ಬ್ರಿಟನ್ನಿನ ಚರ್ಮರೋಗ ಪತ್ರಿಕೆಯಲ್ಲಿ ಬಂತು. ಅದರಲ್ಲಿ 44 ಜನ, 12 ವಾರ. ಒಂದು ಗುಂಪಿಗೆ ಶೇ. 0.5ರ ಬಕುಚಿಯಾಲ್ ದಿನಕ್ಕೆ ಎರಡು ಸಲ, ಇನ್ನೊಂದಕ್ಕೆ ಶೇ. 0.5ರ ರೆಟಿನಾಲ್ ದಿನಕ್ಕೆ ಒಂದು ಸಲ. ಸುಕ್ಕಿನ ವಿಸ್ತಾರವೂ ಕಪ್ಪು ಕಲೆಯೂ ಎರಡು ಗುಂಪಿನಲ್ಲೂ ಇಳಿದವು, ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಸಿಪ್ಪೆ ಏಳುವುದು, ಚುರುಗುಟ್ಟುವುದು ರೆಟಿನಾಲ್ ಹಚ್ಚಿದವರಲ್ಲಿ ಹೆಚ್ಚಿತ್ತು.

ಇದನ್ನು ಓದಿ ಕುಣಿಯುವ ಮೊದಲು ಎರಡು ವಿಷಯ ಗಮನಿಸಿ. ನಲವತ್ತನಾಲ್ಕು ಜನ ಅಂದರೆ ನಮ್ಮೂರಿನ ಒಂದು ಬಸ್ಸಿನಷ್ಟೇ ಜನ, ಮೂರು ತಿಂಗಳು ಅಂದರೆ ಚರ್ಮದ ಲೆಕ್ಕದಲ್ಲಿ ಸಣ್ಣ ಅವಧಿ. ಜೊತೆಗೆ ಬಕುಚಿಯಾಲ್ ದಿನಕ್ಕೆರಡು ಬಾರಿ ಬಿದ್ದಿದೆ, ರೆಟಿನಾಲ್ ಒಂದೇ ಬಾರಿ. ನೀವು ರಾತ್ರಿ ಮಾತ್ರ ಎರಡು ತೊಟ್ಟು ಹಚ್ಚಿ ಅದೇ ಫಲ ನಿರೀಕ್ಷಿಸುವುದು ಸರಿಯಲ್ಲ. ಹಾಗಿದ್ದರೂ ರೆಟಿನಾಲ್ ತಡೆಯದ ಚರ್ಮದವರಿಗೆ ಇದಕ್ಕಿಂತ ಒಳ್ಳೆಯ ಗಿಡಮೂಲದ ಆಯ್ಕೆ ನನಗೆ ಕಂಡಿಲ್ಲ. ಬೆಳಕಿಗೆ ರೆಟಿನಾಲ್ ಕೆಡುವಷ್ಟು ಬೇಗ ಇದು ಕೆಡುವುದಿಲ್ಲ, ಹಗಲೂ ಹಚ್ಚಬಹುದು. ಅಪರೂಪಕ್ಕೆ ಅಲರ್ಜಿ ಆದ ಉದಾಹರಣೆಗಳಿವೆ.

ಇನ್ನು ಅಕ್ಕನಿಗೆ ಆದದ್ದೇನು? ಬಾವಂಚಿ ಬೀಜದಲ್ಲಿ ಬಕುಚಿಯಾಲ್ ಜೊತೆ ಸೊರಾಲೆನ್ ಎಂಬ ವಸ್ತುವೂ ಇದೆ. ಅದು ಚರ್ಮದ ಜೀವಕೋಶಕ್ಕೆ ಇಳಿದು ಕೂತು, ಯುವಿಎ ಬಿದ್ದ ಕೂಡಲೇ ಆ ಕೋಶದ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಸುಟ್ಟ ಗಾಯ ಒಂದೆರಡು ದಿನ ಬಿಟ್ಟು ಮೇಲೇಳುತ್ತದೆ. ಅವಳಿಗೆ ಮೊದಲ ದಿನ ಏನೂ ಆಗದಿದ್ದದ್ದು ಅದಕ್ಕೇ. ತೊನ್ನಿಗೆ ಬಾವಂಚಿ ಹಚ್ಚಿ ಬಿಸಿಲು ತೋರಿಸುವ ಹಳೆಯ ಆಯುರ್ವೇದ ಪದ್ಧತಿ ನಿಂತಿರುವುದೂ ಈ ಗುಣದ ಮೇಲೆ. ಆಸ್ಪತ್ರೆಗಳಲ್ಲಿ ಸೊರಾಲೆನ್ ಕೊಟ್ಟು ಅಳೆದ ಬೆಳಕು ಹಾಯಿಸುವ ಚಿಕಿತ್ಸೆಯೂ ಇದೇ ದಾರಿಯದು. ಬಣ್ಣ ಇಲ್ಲದ ಜಾಗದಲ್ಲಿ ಬಣ್ಣ ಹುಟ್ಟಿಸಲೆಂದು ಇರುವ ಮದ್ದನ್ನು ಬಂಗಿನ ಮೇಲೆ ಹಚ್ಚಿದರೆ ಬಂಗು ಇಮ್ಮಡಿಯಾಗುತ್ತದೆ. ಸೌಂದರ್ಯವರ್ಧಕಗಳಿಗೆ ಬಳಸುವ ಶುದ್ಧ ಬಕುಚಿಯಾಲ್‌ನಲ್ಲಿ ಸೊರಾಲೆನ್ ತೆಗೆದಿರುತ್ತಾರೆ. ಗ್ರಂಥಿಗೆ ಅಂಗಡಿಯ ಎಣ್ಣೆಯಲ್ಲಿ, ಪುಡಿಯಲ್ಲಿ ಅದು ಹಾಗೇ ಇರುತ್ತದೆ. ಬಾವಂಚಿ ಪುಡಿಯನ್ನು ಹೊಟ್ಟೆಗೆ ತೆಗೆದುಕೊಂಡು ಯಕೃತ್ತು ಕೆಟ್ಟ ಪ್ರಕರಣಗಳೂ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಮುಖದ ಚೆಂದಕ್ಕೆ ಅದನ್ನು ಮನೆಯಲ್ಲಿ ಮುಟ್ಟಲೇಬೇಡಿ. ಇದನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ನನಗೆ ಸಾಲದು.

ಬಸುರಿಯರು ರೆಟಿನಾಲ್ ಬಿಡಬೇಕು. "ಹಾಗಾದರೆ ಬಕುಚಿಯಾಲ್ ಹಚ್ಚಬಹುದಲ್ಲ" ಎಂದು ಬಹಳ ಜನ ಕೇಳುತ್ತಾರೆ. ಬಸುರಿಯರ ಮೇಲೆ ಅದನ್ನು ಸರಿಯಾಗಿ ಪರೀಕ್ಷಿಸಿ ನೋಡಿಲ್ಲ. ಆ ಒಂಬತ್ತು ತಿಂಗಳು ಸನ್‌ಸ್ಕ್ರೀನ್, ಸಾದಾ ಮಾಯಿಶ್ಚರೈಸರ್ ಸಾಕು. ಬೇರೆ ಏನೇ ಇದ್ದರೂ ನಿಮ್ಮ ಡಾಕ್ಟರ ಮಾತು ಕೇಳಿ.

ಒಂದೆಲಗ: ತಂಬುಳಿಯಿಂದ ಸೀರಮ್‌ವರೆಗೆ

ಗದ್ದೆ ಬದುವಿನಲ್ಲಿ, ಬಾವಿಕಟ್ಟೆಯ ಪಕ್ಕದ ತೇವದಲ್ಲಿ ತಾನಾಗಿ ಹಬ್ಬುವ ಒಂದೆಲಗವನ್ನು ಮಲೆನಾಡಿನವರು ತಂಬುಳಿಗೆ, ಚಟ್ನಿಗೆ ಹಾಕುತ್ತಾರೆ. ತುಳುನಾಡಿನಲ್ಲಿ ಅದು ತಿಮರೆ. ಕೆಲವೆಡೆ ಇದನ್ನೇ ಬ್ರಾಹ್ಮಿ ಎನ್ನುವುದುಂಟು. ಸಣ್ಣ ದಪ್ಪ ಎಲೆಯ ನೀರುಬ್ರಾಹ್ಮಿ ಬೇರೆಯೇ ಗಿಡ, ಕೊಳ್ಳುವಾಗ ಗೊಂದಲ ಬೇಡ. ಮೂತ್ರಪಿಂಡದ ಆಕಾರದ, ಅಂಚು ಕಚ್ಚುಕಚ್ಚಾದ, ಒಂದೊಂದೇ ತೊಟ್ಟಿನ ಮೇಲೆ ನಿಲ್ಲುವ ಎಲೆ ಒಂದೆಲಗದ್ದು. ಕೊರಿಯಾದ ಕ್ರೀಮುಗಳ ಮೇಲೆ ಈಗ ಕಾಣುವ "ಸಿಕಾ" ಅಂದರೆ ಇದೇ.

ಇದರ ಮುಖ್ಯ ಅಂಶಗಳು ನಾಲ್ಕು: ಏಷಿಯಾಟಿಕೊಸೈಡ್, ಮಡೆಕ್ಯಾಸೊಸೈಡ್, ಏಷಿಯಾಟಿಕ್ ಆಮ್ಲ, ಮಡೆಕ್ಯಾಸಿಕ್ ಆಮ್ಲ. ಮಡೆಕ್ಯಾಸ್ ಅನ್ನುವುದರಲ್ಲೇ ಮಡಗಾಸ್ಕರ್ ದ್ವೀಪದ ಹೆಸರಿದೆ. 1940ರ ದಶಕದಲ್ಲಿ ಅಲ್ಲಿ ಕುಷ್ಠದ ಹುಣ್ಣುಗಳಿಗೆ ಇದರ ಸಾರ ಪ್ರಯೋಗಿಸಿದಾಗಿನಿಂದ ಇದರ ಆಧುನಿಕ ಚರಿತ್ರೆ ಶುರು. ಗಾಯ ಮಾಯಿಸುವುದರಲ್ಲಿ, ಕೊಲಾಜೆನ್ ಕಟ್ಟಲು ಚರ್ಮವನ್ನು ಹುರಿದುಂಬಿಸುವುದರಲ್ಲಿ ಇದರ ಶಕ್ತಿ. ಬಿಸಿಲಿಗೆ ಹಣ್ಣಾದ ಚರ್ಮದ ಮೇಲೆ ನಡೆದ, 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 20 ಮಹಿಳೆಯರು ಆರು ತಿಂಗಳು ಶೇ. 5ರ ವಿಟಮಿನ್ ಸಿ ಮತ್ತು ಶೇ. 0.1ರ ಮಡೆಕ್ಯಾಸೊಸೈಡ್ ಸೇರಿದ ಕ್ರೀಮ್ ಹಚ್ಚಿದರು. ಸುಕ್ಕು, ಬಿಗಿ, ನುಣುಪು, ತೇವ ಎಲ್ಲದರಲ್ಲೂ ಸುಧಾರಣೆ ಕಂಡಿತು. ಅದರಲ್ಲಿ ವಿಟಮಿನ್ ಸಿ ಪಾಲೆಷ್ಟು, ಒಂದೆಲಗದ ಪಾಲೆಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಹಾಗಾಗಿ ಸುಕ್ಕು ಕಡಿಮೆ ಮಾಡುವ ವಿಷಯದಲ್ಲಿ ಇದನ್ನು ಬಕುಚಿಯಾಲ್‌ಗಿಂತ ಒಂದು ಮೆಟ್ಟಿಲು ಕೆಳಗಿಡುತ್ತೇನೆ, ಕೆರಳಿದ ಚರ್ಮವನ್ನು ಸಮಾಧಾನ ಮಾಡುವ ವಿಷಯದಲ್ಲಿ ಎಲ್ಲಕ್ಕಿಂತ ಮೇಲೆ.

ಮುಟ್ಟು ನಿಂತ ಮೇಲೆ ಒಣಗಿ ಉರಿಯುವ ಚರ್ಮದವರಿಗೆ, ರೆಟಿನಾಲ್ ಶುರು ಮಾಡಿ ಸಿಪ್ಪೆ ಏಳಿಸಿಕೊಂಡವರಿಗೆ ನಾನು ಮೊದಲು ಹೇಳುವುದು ಇದನ್ನೇ. ಅಕ್ಕನ ಗುಳ್ಳೆ ಪೂರಾ ಆರಿದ ಮೇಲೆ ಚರ್ಮದ ಡಾಕ್ಟರ್ ಬರೆದುಕೊಟ್ಟ ಕ್ರೀಮಿನಲ್ಲೂ ಇದರ ಸಾರ ಇತ್ತು.

ಎಲೆಯನ್ನೇ ಅರೆದು ಹಚ್ಚಿದರೆ? ತಂಪೆನಿಸುತ್ತದೆ, ನಿಜ. ಆದರೆ ಮಣ್ಣು, ಸೂಕ್ಷ್ಮಾಣು, ಎಲೆಯಿಂದ ಎಲೆಗೆ ಬದಲಾಗುವ ಅಂಶದ ಪ್ರಮಾಣ ಎಲ್ಲ ಸೇರಿ, ಬಿರಿದ ಚರ್ಮಕ್ಕೆ ಅದು ಒಳ್ಳೆಯದಲ್ಲ. ಔಷಧ ದರ್ಜೆಯ ಸಾರದಲ್ಲಿ ಏಷಿಯಾಟಿಕೊಸೈಡ್ ಶೇ. 40, ಉಳಿದೆರಡು ಆಮ್ಲ ತಲಾ ಶೇ. 30 ಎಂದು ಅಳತೆ ಕಟ್ಟಿರುತ್ತಾರೆ. ಎಲೆಯನ್ನು ತಂಬುಳಿಗೆ ಇಟ್ಟುಕೊಳ್ಳಿ.

ಬಂಗಿಗೆ ಅತಿಮಧುರ

ಕಲೆಯೇ ಮುಖ್ಯ ತಕರಾರು ಆಗಿದ್ದರೆ ಅತಿಮಧುರದ ಸಾರ ನೋಡಿ. ಜ್ಯೇಷ್ಠಮಧು ಎನ್ನುವುದೂ ಇದನ್ನೇ. ಇದರ ಬೇರಿನಲ್ಲಿರುವ ಗ್ಲಾಬ್ರಿಡಿನ್, ಮೆಲನಿನ್ ತಯಾರಿಸುವ ಟೈರೊಸಿನೇಸ್ ಕಿಣ್ವಕ್ಕೆ ಅಡ್ಡ ನಿಲ್ಲುತ್ತದೆ. ಇದೇ ಬೇರಿನ ಲಿಕ್ವಿರಿಟಿನ್ ಎಂಬ ಇನ್ನೊಂದು ಅಂಶವನ್ನು ಈಜಿಪ್ಟಿನಲ್ಲಿ ಬಂಗು ಇದ್ದ 20 ಮಹಿಳೆಯರ ಮೇಲೆ ನಾಲ್ಕು ವಾರ ಪರೀಕ್ಷಿಸಿ ಒಳ್ಳೆಯ ಫಲ ಕಂಡರೆಂದು 2000ದಲ್ಲಿ ವರದಿಯಾಯಿತು. ಸಣ್ಣ ಅಧ್ಯಯನವೇ. ಆದರೂ ಅತಿಮಧುರದ ದೊಡ್ಡ ಅನುಕೂಲವೆಂದರೆ ಅದು ಚರ್ಮವನ್ನು ಕೆರಳಿಸುವುದು ಕಡಿಮೆ. ಕಂದು ಚರ್ಮದಲ್ಲಿ ಕೆರಳಿದ ಜಾಗವೇ ಮುಂದೆ ಕಲೆಯಾಗುವುದರಿಂದ ಈ ಮೃದುತನಕ್ಕೆ ಬಹಳ ಬೆಲೆ ಇದೆ.

ಗ್ಲಾಬ್ರಿಡಿನ್ ನೀರಿನಲ್ಲಿ ಕರಗುವ ಜಾತಿಯಲ್ಲ. ಅತಿಮಧುರದ ಪುಡಿಯನ್ನು ನೀರಲ್ಲೋ ರೋಸ್ ವಾಟರಿನಲ್ಲೋ ಕಲಸಿ ಹಚ್ಚಿದರೆ ಅದರ ಬಹುಪಾಲು ಪುಡಿಯಲ್ಲೇ ಉಳಿದು, ತೊಳೆದಾಗ ಮೋರಿಗೆ ಹೋಗುತ್ತದೆ. ಗ್ಲಾಬ್ರಿಡಿನ್ ಎಂದು ಹೆಸರಿಸಿ ಪ್ರಮಾಣ ಬರೆದಿರುವ ಸೀರಮ್ ಸಿಕ್ಕರೆ ಅದು ಉತ್ತಮ. ಅತಿಮಧುರವನ್ನು ಚರ್ಮಕ್ಕೆ ಒಳ್ಳೆಯದೆಂದು ದಿನಾ ಕಷಾಯ ಮಾಡಿ ಕುಡಿಯುವವರೂ ಇದ್ದಾರೆ. ಅದು ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಬಿಪಿ ಮಾತ್ರೆ ನುಂಗುವವರು ಅದರ ತಂಟೆಗೆ ಹೋಗಬಾರದು.

ಬಂಗು ಇರುವವರು ಇನ್ನೊಂದು ಮಾತು ನೆನಪಿಡಬೇಕು. ಬಂಗನ್ನು ಕಣ್ಣಿಗೆ ಕಾಣುವ ಬೆಳಕೂ ಎಬ್ಬಿಸುತ್ತದೆ. ಅದಕ್ಕೆ ಐರನ್ ಆಕ್ಸೈಡ್ ಇರುವ, ಮೈಬಣ್ಣದ ಛಾಯೆಯ ಸನ್‌ಸ್ಕ್ರೀನ್ ಬಿಳಿ ಸನ್‌ಸ್ಕ್ರೀನಿಗಿಂತ ಒಳ್ಳೆಯದು. ಅದಿಲ್ಲದೆ ಅತಿಮಧುರ ಹಚ್ಚುವುದು ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ.

ಅರಿಶಿನ, ಹಸಿರು ಚಹಾ, ಲೋಳೆಸರ

ಅರಿಶಿನದ ಮೇಲೆ ನಮಗೆಲ್ಲ ಮಮತೆ. 1995ರಲ್ಲಿ ಗಾಯಕ್ಕೆ ಅರಿಶಿನ ಹಚ್ಚುವುದಕ್ಕೇ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಾಗ ನಮ್ಮ ಸರ್ಕಾರದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹೋರಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಅಜ್ಜಿಯರ ತಿಳಿವಳಿಕೆಗೆ ಸಿಕ್ಕ ಆ ಗೆಲುವಿನ ಬಗ್ಗೆ ನನಗೆ ಇಂದಿಗೂ ಹೆಮ್ಮೆ. ಆದರೆ ಆ ತಿಳಿವಳಿಕೆ ಗಾಯದ್ದು, ಉರಿಯೂತದ್ದು. ಸುಕ್ಕಿನ ವಿಷಯಕ್ಕೆ ಬಂದರೆ ಅರಿಶಿನದ ಪುರಾವೆ ತೆಳು. ಅದರ ಮುಖ್ಯ ಅಂಶ ಕರ್ಕ್ಯುಮಿನ್ ಬೆಳಕಿಗೆ ಬೇಗ ಒಡೆಯುತ್ತದೆ, ಚರ್ಮದೊಳಕ್ಕೆ ಇಳಿಯುವುದೂ ಕಡಿಮೆ. ಅರಿಶಿನದಿಂದ ಮಾಡಿದ, ಬಣ್ಣವಿಲ್ಲದ ಟೆಟ್ರಾಹೈಡ್ರೊಕರ್ಕ್ಯುಮಿನ್ ಇರುವ ಕ್ರೀಮುಗಳು ಅರಿಶಿನ ಪುಡಿಗಿಂತ ಮೇಲು. ಪುಡಿಯನ್ನೇ ಹಚ್ಚುವುದಾದರೆ ಮನೆಯಲ್ಲೇ ಒಣಗಿಸಿ ಪುಡಿ ಮಾಡಿದ್ದಿರಲಿ, ಬಿಡಿಯಾಗಿ ಮಾರುವ ಪುಡಿಯಲ್ಲಿ ಮೆಟಾನಿಲ್ ಹಳದಿ, ಸೀಸದ ಕ್ರೋಮೇಟ್ ಬೆರೆಸಿರುವುದು ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಕಸ್ತೂರಿ ಅರಿಶಿನವೆಂದು ಕೊಡುವ ಕೊಂಬನ್ನು ಮುರಿದು ನೋಡಿ. ಒಳಗೆ ಕಡು ಕಿತ್ತಳೆ ಇದ್ದರೆ ಅದು ಸಾರಿಗೆ ಹಾಕುವ ಅರಿಶಿನವೇ.

ಹಸಿರು ಚಹಾದ ಮೇಲೆ ಪ್ರಯೋಗಾಲಯದ ಕೆಲಸ ಬಹಳ ನಡೆದಿದೆ. ಮುಖದ ಮೇಲೆ ಏನಾಯಿತು ಎಂದು ನೋಡಿದವರು ಕಡಿಮೆ. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 40 ಮಹಿಳೆಯರಲ್ಲಿ ಅರ್ಧ ಜನಕ್ಕೆ ಎಂಟು ವಾರ ಶೇ. 10ರ ಹಸಿರು ಚಹಾ ಕ್ರೀಮ್, ಜೊತೆಗೆ ದಿನಕ್ಕೆರಡು ಸಲ 300 ಮಿಲಿಗ್ರಾಂ ಮಾತ್ರೆ ಕೊಟ್ಟರು. ಸೂಕ್ಷ್ಮದರ್ಶಕದಲ್ಲಿ ಚರ್ಮದ ಹಿಗ್ಗುವ ನಾರು ಸುಧಾರಿಸಿದ್ದು ಕಂಡಿತು, ಹೊರಗಿನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಸನ್‌ಸ್ಕ್ರೀನಿನ ಜೊತೆ ಸೇರಿಕೊಂಡು ಬಂದರೆ ಬೇಡ ಅನ್ನಬೇಡಿ. ಅದಕ್ಕೆಂದೇ ಸಾವಿರ ರೂಪಾಯಿ ಕೊಡಬೇಡಿ. ಸೀರಮ್ ಕಂದು ತಿರುಗಿದ್ದರೆ ಅದರ ಮುಖ್ಯ ಅಂಶ ಗಾಳಿಗೆ ಕೆಟ್ಟಿದೆ ಎಂದು ತಿಳಿಯಿರಿ. ಗಟ್ಟಿ ಸಾರದ ಮಾತ್ರೆಗಳ ಬಗ್ಗೆ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ: ಅದರ ಮುಖ್ಯ ಅಂಶ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಯಕೃತ್ತಿಗೆ ಪೆಟ್ಟು ಬೀಳುವ ಲಕ್ಷಣಗಳಿವೆ. ಲೋಟದಲ್ಲಿ ಕುಡಿಯುವ ಚಹಾಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ಲೋಳೆಸರ ನೀರಿನ ಗಿಡ, ಲೋಳೆಯಲ್ಲಿ ಶೇ. 98ಕ್ಕೂ ಮೇಲೆ ನೀರೇ. ಹಚ್ಚಿದ ಹತ್ತು ನಿಮಿಷಕ್ಕೆ ಮುಖ ಬಿಗಿದ ಹಾಗೆ ಅನಿಸುವುದು ಮೇಲೆ ಒಣಗಿದ ಪೊರೆಯಿಂದ, ಸುಕ್ಕು ಹೋದದ್ದರಿಂದಲ್ಲ. ಬಿಸಿಲಿನಿಂದ ಬಂದವರಿಗೆ ತಂಪು, ಖರ್ಚಿಲ್ಲ, ಅಷ್ಟಕ್ಕೆ ಅದು ಒಳ್ಳೆಯದೇ. ಎಲೆ ಕೊಯ್ದ ಮೇಲೆ ಹತ್ತು ಹದಿನೈದು ನಿಮಿಷ ನಿಲ್ಲಿಸಿಟ್ಟು ಹಳದಿ ರಸ ಸೋರಿಹೋಗಲು ಬಿಡಿ, ತುರಿಕೆ ತರುವುದು ಆ ರಸ. ಹಚ್ಚಿದ ಮೇಲೆ ಮಾಯಿಶ್ಚರೈಸರ್ ಸವರದಿದ್ದರೆ ಚರ್ಮ ಇನ್ನಷ್ಟು ಒಣಗುತ್ತದೆ.

ನಿಂಬೆರಸದ ಬಗ್ಗೆ ಒಂದೇ ಮಾತು: ಬೇಡ. ಬಾವಂಚಿಯ ಸೊರಾಲೆನ್ ಜಾತಿಯ ವಸ್ತುವೇ ಅದರಲ್ಲೂ ಇದೆ.

ಕುಂಕುಮಾದಿ ತೈಲ

ಮದುವೆ ಸೀಸನ್ನಿನಲ್ಲಿ ಅತಿ ಹೆಚ್ಚು ಬಿಕರಿಯಾಗುತ್ತಿದ್ದದ್ದು ಇದೇ. ಎಳ್ಳೆಣ್ಣೆಯಲ್ಲಿ ಕೇಸರಿ, ಮಂಜಿಷ್ಠ, ಅತಿಮಧುರ, ಚಂದನ ಮುಂತಾದವನ್ನು ಕಾಯಿಸಿ ಮಾಡುವ ಹಳೆಯ ಔಷಧಿ ಪಾಕ. ಇಲ್ಲಿ ಒಂದು ಅಂಶದ ಲೆಕ್ಕ ನಡೆಯುವುದಿಲ್ಲ, ಒಟ್ಟು ಪಾಕವೇ ಮದ್ದು. ಎಣ್ಣೆಯಲ್ಲಿ ಕಾಯಿಸಿರುವುದರಿಂದ, ಎಣ್ಣೆಗೆ ಇಳಿಯುವ ಅತಿಮಧುರದ ಅಂಶ ನೀರಿನ ಲೇಪಕ್ಕಿಂತ ಇಲ್ಲಿ ಚೆನ್ನಾಗಿ ಬರುತ್ತದೆ ಎಂದು ನನ್ನ ಅನಿಸಿಕೆ. ಒಣಚರ್ಮದವರಿಗೆ ರಾತ್ರಿ ಮೂರು ನಾಲ್ಕು ತೊಟ್ಟು ಹಿತವಾಗುತ್ತದೆ. ಎಣ್ಣೆಚರ್ಮದವರಿಗೆ, ಮೊಡವೆ ಇರುವವರಿಗೆ ಸಲ್ಲುವುದಿಲ್ಲ. ಸುಕ್ಕಿಗೆ ಬಕುಚಿಯಾಲ್ ಜೊತೆ ಹೋಲಿಸಿ ನೋಡಲು ಅಂಥ ಪರೀಕ್ಷೆಗಳ ಬಲ ಇದಕ್ಕಿಲ್ಲ.

ಕೇಸರಿ ಗ್ರಾಂ ಲೆಕ್ಕದಲ್ಲಿ ಮಾರುವ ಪದಾರ್ಥ. ನೂರೈವತ್ತು ರೂಪಾಯಿಯ ದೊಡ್ಡ ಬಾಟಲಿಯಲ್ಲಿ ಅದು ಎಷ್ಟಿರಬಹುದು ಎಂದು ನೀವೇ ಲೆಕ್ಕ ಹಾಕಿ. ತೀರಾ ಕೆಂಪಗೆ, ಗಾಢ ಪರಿಮಳದಿಂದ ಇದ್ದರೆ ಬಣ್ಣವೂ ಸುಗಂಧವೂ ಬೆರೆತಿರುವ ಸಂಭವ ಹೆಚ್ಚು. ಆಯುರ್ವೇದ ಔಷಧವೆಂದು ಮಾರುವುದಾದರೆ ಬಾಟಲಿಯ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ಪ್ರತಿ ಗಿಡದ ಹೆಸರು, ಅಳತೆ ಇರಬೇಕು.

ಬಾಟಲಿ ತಿರುಗಿಸಿ ಓದಿ

ಮುಂಭಾಗದಲ್ಲಿ ಎಲೆಯ ಚಿತ್ರ, ಹಿಂಭಾಗದಲ್ಲಿ ನಿಜ ಸಂಗತಿ. ಪದಾರ್ಥಗಳನ್ನು ಹೆಚ್ಚಿರುವುದರಿಂದ ಕಡಿಮೆ ಇರುವುದರ ಕಡೆಗೆ ಬರೆದಿರುತ್ತಾರೆ. ಶೇ. 1ಕ್ಕಿಂತ ಕಡಿಮೆ ಇರುವವನ್ನು ಯಾವ ಕ್ರಮದಲ್ಲಾದರೂ ಬರೆಯಬಹುದು. ಆ ಒಂದರ ಗೆರೆ ಎಲ್ಲಿದೆ ಎಂದು ಹುಡುಕಲು ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕ ನೆರವಾಗುತ್ತದೆ. ಅದನ್ನು ಶೇ. 1ಕ್ಕಿಂತ ಹೆಚ್ಚು ಹಾಕುವುದಿಲ್ಲ, ಹಾಗಾಗಿ ಪಟ್ಟಿಯಲ್ಲಿ ಅದರ ನಂತರ ಬರುವುದೆಲ್ಲ ಶೇ. 1 ಅಥವಾ ಅದಕ್ಕಿಂತ ಕಡಿಮೆ.

ಕೆಲವರು ಇದನ್ನು ಕಲಿತು, ಗಿಡದ ಸಾರ ಪಟ್ಟಿಯ ಕೊನೆಯಲ್ಲಿದ್ದರೆ ಬಾಟಲಿಯನ್ನು ವಾಪಸು ಇಟ್ಟುಬಿಡುತ್ತಾರೆ. ಅದೂ ತಪ್ಪು. ಮೇಲೆ ಹೇಳಿದ ಅಧ್ಯಯನಗಳಲ್ಲಿ ಬಕುಚಿಯಾಲ್ ಇದ್ದದ್ದು ಅರ್ಧ ಶೇಕಡಾ, ಮಡೆಕ್ಯಾಸೊಸೈಡ್ ಇದ್ದದ್ದು ಹತ್ತರಲ್ಲೊಂದು ಶೇಕಡಾ. ಶುದ್ಧ ಅಂಶವಾದರೆ ಕೊನೆಯಲ್ಲಿದ್ದರೂ ಕೆಲಸ ಮಾಡೀತು. ಇದಕ್ಕೆ ತಿರುವುಮುರುವಾಗಿ, "ಶೇ. 10 ಒಂದೆಲಗದ ಸಾರ" ಎಂದು ಮುಂದೆ ಬರೆದಿದ್ದರೂ ಆ ಸಾರದಲ್ಲೇ ತೊಂಬತ್ತು ಪಾಲು ನೀರು, ಗ್ಲಿಸರಿನ್ ಇರಬಹುದು. ಗಿಡದ ಹೆಸರಿನ ಬದಲು ಅಂಶದ ಹೆಸರು ಹಾಕಿ, ಎಷ್ಟು ಶೇಕಡಾ ಎಂದು ಬರೆದವರನ್ನು ನಂಬಿ.

ಇನ್ನೊಂದು ಭಯ ಹೇಳಲೇಬೇಕು. ಗಿಡಮೂಲಿಕೆ ಎಂದು ಬರೆದ, ತಯಾರಕರ ವಿಳಾಸವಿಲ್ಲದ, ವಾರದಲ್ಲಿ ಮುಖ ಬೆಳ್ಳಗೆ ಮಾಡುವ ಕ್ರೀಮಿನೊಳಗೆ ಪಾದರಸವೋ ಸ್ಟೆರಾಯ್ಡೋ ಇರಬಹುದು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಬಿಳಿಮಾಡುವ ಕ್ರೀಮ್ ಬಳಸಿದವರಲ್ಲಿ ಮೂತ್ರಪಿಂಡದ ಕಾಯಿಲೆ ಸಾಲುಸಾಲಾಗಿ ಕಂಡದ್ದನ್ನು 2023ರಲ್ಲಿ ಅಲ್ಲಿನ ವೈದ್ಯರು ಬಯಲಿಗೆ ತಂದರು. ಸ್ಟೆರಾಯ್ಡ್ ಇದ್ದರೆ ಚರ್ಮ ಕಾಗದದ ಹಾಗೆ ತೆಳುವಾಗಿ, ಕೆಂಪು ನರ ಎದ್ದು ಕಾಣುತ್ತದೆ. ವಯಸ್ಸು ಇಳಿಸಲು ಹೋಗಿ ಹತ್ತು ವರ್ಷ ಏರಿಸಿಕೊಂಡಂತೆ. ವಾರದಲ್ಲಿ ಫಲ ಕೊಡುವ ಗಿಡದ ಸಾರ ಯಾವುದೂ ಇಲ್ಲ.

ಹಾಗಾದರೆ ನಿಮಗೆ ಯಾವುದು?

ಯಾರೇ ಆಗಲಿ, ಕೈಯಲ್ಲಿ ಒಂದಕ್ಕೇ ದುಡ್ಡಿದ್ದರೆ ಸನ್‌ಸ್ಕ್ರೀನ್ ತೆಗೆದುಕೊಳ್ಳಿ. ಆಸ್ಟ್ರೇಲಿಯಾದ ನ್ಯಾಂಬೂರ್ ಎಂಬ ಊರಿನಲ್ಲಿ 55ರ ಒಳಗಿನ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದರು. ದಿನವೂ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಚರ್ಮದ ಮುಪ್ಪು, ಮನಸ್ಸು ಬಂದಾಗ ಹಚ್ಚಿದವರಿಗಿಂತ ಶೇ. 24ರಷ್ಟು ಕಡಿಮೆ ಇತ್ತು. ಅದೇ ಅಧ್ಯಯನದಲ್ಲಿ ಕ್ಯಾರೆಟ್ಟಿನ ಬಣ್ಣಕ್ಕೆ ಕಾರಣವಾದ ಬೀಟಾ ಕ್ಯಾರೊಟಿನ್ ಮಾತ್ರೆಯನ್ನೂ ಕೊಟ್ಟು ನೋಡಿದರು, ಅದರಿಂದ ಲಾಭ ಕಾಣಲಿಲ್ಲ. ಈ ಲೇಖನದಲ್ಲಿ ಹೇಳಿದ ಯಾವ ಗಿಡದ ಸಾರಕ್ಕೂ ಇಷ್ಟು ದೊಡ್ಡ, ಇಷ್ಟು ದೀರ್ಘ ಪರೀಕ್ಷೆಯ ಬೆಂಬಲ ಇಲ್ಲ. ಎಸ್‌ಪಿಎಫ್ (ಯುವಿಬಿ ಸುಡುವುದನ್ನು ತಡೆಯುವ ಅಳತೆ) 30 ಅಥವಾ ಮೇಲೆ, ಯುವಿಎ ತಡೆಯುವಂಥದ್ದು, ಎರಡು ಬೆರಳುದ್ದ ಮುಖಕ್ಕೆ ಮತ್ತು ಕತ್ತಿಗೆ.

ಅದರ ಮೇಲೆ ಇನ್ನೊಂದಕ್ಕೆ ಅನುಕೂಲವಿದ್ದರೆ: ಕಣ್ಣಂಚಿನಲ್ಲಿ, ಹಣೆಯಲ್ಲಿ ಗೆರೆ ಮೂಡುತ್ತಿದ್ದು ಚರ್ಮ ಗಟ್ಟಿಯಾಗಿದ್ದರೆ ರಾತ್ರಿ ರೆಟಿನಾಲೇ ಒಳ್ಳೆಯದು, ಅದರ ಹಿಂದೆ ಇರುವ ಪುರಾವೆ ಹೆಚ್ಚು. ಅದು ತಡೆಯದಿದ್ದರೆ ಬಕುಚಿಯಾಲ್, ಬೆಳಿಗ್ಗೆ ಮತ್ತು ರಾತ್ರಿ. ಒಣಗಿದ, ಉರಿಯುವ, ಐವತ್ತು ದಾಟಿದ ಚರ್ಮಕ್ಕೆ ಒಂದೆಲಗದ ಸಾರದ ಕ್ರೀಮ್, ಅದು ಒಗ್ಗಿದ ಮೇಲೆ ನಿಧಾನವಾಗಿ ಬಕುಚಿಯಾಲ್. ಬಂಗಿಗೆ ಅತಿಮಧುರ ಮತ್ತು ಛಾಯೆಯಿರುವ ಸನ್‌ಸ್ಕ್ರೀನ್, ಮೂರು ತಿಂಗಳಲ್ಲಿ ಬದಲಾವಣೆ ಕಾಣದಿದ್ದರೆ ಚರ್ಮದ ಡಾಕ್ಟರು. ಜೋತುಬಿದ್ದ ಗದ್ದಕ್ಕೆ, ಆಳವಾದ ನೆರಿಗೆಗೆ ಯಾವ ಎಲೆಯೂ ಬೇರೂ ಸಾಲದು, ಅದಕ್ಕೆ ಹಣ ಸುರಿಯಬೇಡಿ. ಒಂದೇ ಕಡೆ ಬೆಳೆಯುತ್ತಿರುವ, ಬಣ್ಣ ಬದಲಿಸುವ, ರಕ್ತ ಬರುವ ಮಚ್ಚೆಯನ್ನು ವಯಸ್ಸಿನ ಕಲೆ ಎಂದುಕೊಂಡು ಮನೆಯಲ್ಲಿ ಏನೂ ಹಚ್ಚಬೇಡಿ, ಆ ವಾರವೇ ತೋರಿಸಿ.

ಯಾವುದನ್ನೇ ತಂದರೂ ಮೊದಲು ಮೊಣಕೈ ಒಳಭಾಗದಲ್ಲಿ ನಾಲ್ಕಾಣೆ ಅಗಲದಷ್ಟು ಜಾಗಕ್ಕೆ ದಿನಕ್ಕೆರಡು ಸಲ, ಒಂದು ವಾರ ಹಚ್ಚಿ ನೋಡಿ. ಒಂದೇ ರಾತ್ರಿಯ ಪರೀಕ್ಷೆ ಸಾಲದು, ಅಲರ್ಜಿ ಎಷ್ಟೋ ಸಲ ನಾಲ್ಕೈದನೆಯ ದಿನ ಬರುತ್ತದೆ. ಒಂದು ಸಲಕ್ಕೆ ಒಂದೇ ಹೊಸದು. ಎರಡು ಒಟ್ಟಿಗೆ ಶುರು ಮಾಡಿ ಮುಖ ಕೆಂಪಾದರೆ ಯಾವುದರಿಂದ ಎಂದು ತಿಳಿಯುವುದಿಲ್ಲ. ಶುರು ಮಾಡುವ ದಿನ ಕಿಟಕಿಯ ಬೆಳಕಿನಲ್ಲಿ, ಒಂದೇ ಜಾಗದಲ್ಲಿ ನಿಂತು ಫೋಟೊ ತೆಗೆದಿಡಿ, ಹನ್ನೆರಡು ವಾರ ಬಿಟ್ಟು ಅದೇ ಜಾಗದಲ್ಲಿ ಇನ್ನೊಂದು. ಕನ್ನಡಿ ದಿನಾ ನೋಡಿದರೆ ಬದಲಾವಣೆ ತಿಳಿಯುವುದಿಲ್ಲ.

ಅಕ್ಕ ಈಗ ಅಂಗಳಕ್ಕಿಳಿಯುವ ಮುಂಚೆ ಸನ್‌ಸ್ಕ್ರೀನ್ ಸವರುತ್ತಾಳೆ. ಹಾಳೆ ಟೊಪ್ಪಿ ತಲೆಗಷ್ಟೇ ಆಗುತ್ತದೆ, ಕೆನ್ನೆಗೆ ನೆರಳು ಕೊಡುವುದಿಲ್ಲ ಎಂದು, ಅಗಲ ಅಂಚಿನ ಬಟ್ಟೆ ಟೊಪ್ಪಿ ಹೊಲಿಸಿಕೊಂಡಿದ್ದಾಳೆ. ರಾತ್ರಿ ಮಗಳು ಕಳಿಸಿದ ಬಕುಚಿಯಾಲ್, ಎರಡು ತೊಟ್ಟು. ಆ ಬಾವಂಚಿ ಎಣ್ಣೆಯ ಬಾಟಲಿಯನ್ನು ನಾನೇ ಅವಳ ಕೈಯಿಂದ ತೆಗೆದುಕೊಂಡು ಬಂದೆ.